ಹಂದಿ ಫೀಡಿನಲ್ಲಿ ಭಾರಲೋಹ: ಮೊದಲು ಖನಿಜ ಮಿಶ್ರಣ ನೋಡಿ

ಪ್ರಶ್ನೆ: ನಮ್ಮ ಹಂದಿಗಳು ಚೆನ್ನಾಗಿಯೇ ತಿನ್ನುತ್ತವೆ, ತೂಕ ಮಾತ್ರ ಏರುತ್ತಿಲ್ಲ. ಕೆಲವು ಬಿಳಿಚಿಕೊಂಡಿವೆ. ಎರಡು ಹಂದಿಗಳು ಹಿಂಗಾಲು ಎಳೆಯುತ್ತಾ ನಡೆಯುತ್ತಿವೆ. ಈಚೆಗೆ ಖನಿಜ ಮಿಶ್ರಣ ಬದಲಿಸಿದ್ದೆವು. ಫೀಡಿನಲ್ಲಿ ಭಾರಲೋಹ ಇರಬಹುದಾ? ಇವನ್ನು ಮಾಂಸಕ್ಕೆ ಮಾರಬಹುದಾ?

ಉತ್ತರ: ಇರಬಹುದು. ಆ ಮಿಶ್ರಣ ಹಾಕುವುದನ್ನು ಇವತ್ತೇ ನಿಲ್ಲಿಸಿ. ಆದರೆ ಚೀಲ ಎಸೆಯಬೇಡಿ, ಬ್ಯಾಚ್ ನಂಬರಿನ ಲೇಬಲ್ ಸಮೇತ ಎತ್ತಿಡಿ.

ಇಂಥ ಹೊತ್ತಿನಲ್ಲಿ ಎಲ್ಲರೂ ಧಾನ್ಯವನ್ನೇ ದೂರುತ್ತಾರೆ. ನನ್ನ ಅನುಮಾನ ಮೊದಲು ಖನಿಜದ ಮೇಲೆ. ಸತುವಿನ ಅದಿರಿನಲ್ಲಿ ಕ್ಯಾಡ್ಮಿಯಂ ಎಂಬ ವಿಷಲೋಹ ಬೆರೆತೇ ಇರುತ್ತದೆ. ಸತುವಿಗಾಗಿ ಮಿಶ್ರಣಕ್ಕೆ ಹಾಕುವ ಝಿಂಕ್ ಆಕ್ಸೈಡನ್ನು ಸರಿಯಾಗಿ ಶುದ್ಧಿ ಮಾಡದಿದ್ದರೆ ಅದರಲ್ಲಿ ಅದೂ ಸೀಸವೂ ಉಳಿದುಬಿಡುತ್ತವೆ.

ಕ್ಯಾಡ್ಮಿಯಂ ಕರುಳಿನಲ್ಲಿ ಕಬ್ಬಿಣಕ್ಕೆ ಅಡ್ಡ ಬರುತ್ತದೆ, ರಕ್ತ ಕಡಿಮೆಯಾಗಿ ಹಂದಿ ಬಿಳಿಚಿಕೊಳ್ಳುತ್ತದೆ. ತಾಮ್ರ ಜಾಸ್ತಿಯಾದರೂ ಹೀಗಾಗುತ್ತದೆ. ಹಂದಿಗೆ ಬೇಕಾದ ತಾಮ್ರ ಒಂದು ಕೆಜಿ ಫೀಡಿಗೆ 5–10 ಮಿಲಿಗ್ರಾಂ ಅಷ್ಟೇ. ಬೇಗ ಬೆಳೆಯಲಿ ಅಂತ ಅದರ ಹತ್ತಿಪ್ಪತ್ತು ಪಟ್ಟು ಹಾಕುವವರಿದ್ದಾರೆ. ಕೆಜಿಗೆ 250 ಮಿಲಿಗ್ರಾಂ ದಾಟಿದರೆ, ಅದರಲ್ಲೂ ಸತು, ಕಬ್ಬಿಣ ಕಮ್ಮಿ ಇದ್ದರೆ, ಲಿವರ್ ಕೆಟ್ಟು ಕಾಮಾಲೆ ಬರುವ ಅಪಾಯವಿದೆ. ಕಣ್ಣಿನ ಬಿಳಿ ಭಾಗ ಹಳದಿಯಾಗಿದೆಯಾ ನೋಡಿ.

ಕಾಲೆಳೆಯುವ ಎರಡರ ಕಥೆ ಬೇರೆ ಇರಬಹುದು. ರೋಕ್ಸಾರ್ಸೋನ್, ಆರ್ಸನಿಲಿಕ್ ಆಸಿಡ್‌ನಂಥ ಆರ್ಸೆನಿಕ್ ಔಷಧಿಗಳನ್ನು ಮೊದಲು ಫೀಡಿಗೆ ಬೆರೆಸುತ್ತಿದ್ದರು. ಅಮೆರಿಕದಲ್ಲಿ 2013ರಲ್ಲಿ ಇವೆರಡರ ಅನುಮತಿ ರದ್ದಾಯಿತು. ಇವು ಜಾಸ್ತಿಯಾದರೆ ಹಂದಿ ಓಲಾಡುತ್ತದೆ, ಕಣ್ಣೂ ಹೋಗಬಹುದು. ಆದರೆ ಎದ್ದು ನಿಲ್ಲಲಾಗದ ಹಂದಿಯೂ ತೊಟ್ಟಿ ಮುಂದಿಟ್ಟರೆ ಗಬಗಬ ತಿನ್ನುತ್ತದೆ! ಬೇಗ ಫೀಡ್ ಬದಲಿಸಿದರೆ ಹೆಚ್ಚಿನವು ಚೇತರಿಸಿಕೊಳ್ಳುತ್ತವೆ. ಕಾಲು ಸೋತಿದ್ದು, ಗೊರಸು ಚರ್ಮಕ್ಕೆ ಸೇರುವ ಕಡೆಯೂ ಬಿರುಕು ಬಿಟ್ಟಿದ್ದರೆ ಸೆಲೆನಿಯಂ ಎಂಬ ಖನಿಜ ಜಾಸ್ತಿಯಾಗಿದೆ ಅಂತ ಸಂಶಯಪಡಬೇಕು. ನೀರಿನ ನಲ್ಲಿ ಕಟ್ಟಿಕೊಂಡು ಉಪ್ಪು ತಲೆಗೇರಿದಾಗಲೂ ಹಂದಿ ತೂರಾಡುತ್ತದೆ, ಅದನ್ನೂ ನೋಡಿಬಿಡಿ.

ಸುಮ್ನೆ ಊಹೆಯ ಮೇಲೆ ಔಷಧಿ ಕೊಡಬೇಡಿ. ನಾಲ್ಕಾರು ಚೀಲಗಳಿಂದ, ಮೇಲಿನದು ತಳದ್ದು ಎರಡೂ ಸೇರುವಂತೆ ಫೀಡ್ ತೆಗೆಯಿರಿ. ಖನಿಜ ಮಿಶ್ರಣವನ್ನು ಬೇರೆ ಕವರಿನಲ್ಲಿ ಹಾಕಿ, ಕುಡಿಯುವ ನೀರನ್ನೂ ಸೇರಿಸಿ ಲ್ಯಾಬ್ ಪರೀಕ್ಷೆಗೆ ಕಳಿಸಿ. ಹಂದಿ ಸತ್ತರೆ ಪಶುವೈದ್ಯರಿಂದ ಕಿಡ್ನಿ, ಲಿವರ್ ತೆಗೆಸಿ ಐಸಿನಲ್ಲಿಟ್ಟು ಲ್ಯಾಬಿಗೆ ಕೊಡಿ. ಕ್ಯಾಡ್ಮಿಯಂ ಕೂರುವುದೇ ಅಲ್ಲಿ, ಫೀಡ್ ಬದಲಿಸಿದ ಮೇಲೂ ಬೇಗ ಇಳಿಯುವುದಿಲ್ಲ. ಯುರೋಪಿನಲ್ಲಿ ಹಂದಿ ಮಾಂಸಕ್ಕೆ ಅದರ ಮಿತಿ ಕೆಜಿಗೆ 0.05 ಮಿಲಿಗ್ರಾಂ, ಕಿಡ್ನಿಗೆ 1.

ವರದಿ ಬರುವವರೆಗೆ ಮಾರಬೇಡಿ, ಮನೆಯಲ್ಲೂ ತಿನ್ನಬೇಡಿ. ಬೇಯಿಸಿದರೆ ಲೋಹ ಹೋಗುವುದಿಲ್ಲ. 1969ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಪಾದರಸ ಸವರಿದ ಬಿತ್ತನೆ ಕಾಳನ್ನು ಹಂದಿಗೆ ಹಾಕಿದ್ದರು. ಆ ಮಾಂಸ ತಿಂದ ಮನೆಯ ಮಕ್ಕಳ ಮಿದುಳಿಗೇ ಪೆಟ್ಟು ಬಿತ್ತು.

ಇನ್ನೊಂದು ಮಾತು. ಮಿಕ್ಕಿದ ಮಿಶ್ರಣವನ್ನು ಕುರಿಗಳಿಗೆ ಹಾಕಬೇಡಿ. ಹಂದಿ ತಡೆದುಕೊಳ್ಳುವಷ್ಟು ತಾಮ್ರ ಕುರಿಯನ್ನು ಕೊಂದೇಬಿಡುತ್ತದೆ.