ಖಾಲಿ ಹಾಲ್‌ನಲ್ಲಿ ರೆಕಾರ್ಡ್ ಮಾಡಿದ ಹಾಡಿನ ಎಕೋ ತೆಗೆಯುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಹೊಸ ಮನೆಯ ಹಾಲ್‌ನಲ್ಲಿ, ಸಾಮಾನು ಬರುವ ಮೊದಲೇ, ಅಜ್ಜಿಯಿಂದ ಬೀಸುವ ಪದ ಹಾಡಿಸಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದ್ದೀರಿ. ಈಗ ಕೇಳಿದರೆ ಬಾವಿಯೊಳಗೆ ಕೂತು ಹಾಡಿದಂತಿದೆ. ಆಡಿಯೋ ಎಡಿಟ್ ಮಾಡುವ ಸಾಫ್ಟ್‌ವೇರ್ ಆಡಾಸಿಟಿಯಲ್ಲಿ, ಹಿನ್ನೆಲೆ ಸದ್ದು ಇಳಿಸುವ ನಾಯ್ಸ್ ರಿಡಕ್ಷನ್ ಎಫೆಕ್ಟ್ ಎರಡು ಸಲ ಹಾಕಿದರೂ ಎಕೋ ಹೋಗಿಲ್ಲ.

ಹೋಗುವುದೂ ಇಲ್ಲ. ಆ ಎಫೆಕ್ಟ್ ಫ್ಯಾನಿನ ಸದ್ದಿಗೆ. ಫ್ಯಾನ್ ಒಂದೇ ಸಮ ಗುಂಯ್‌ಗುಡುತ್ತದೆ, ಅದರ ಸ್ಯಾಂಪಲ್ ತೋರಿಸಿದರೆ ಸಾಫ್ಟ್‌ವೇರ್ ಹಿಡಿದು ಕಡಿಮೆ ಮಾಡುತ್ತದೆ. ನಿಮ್ಮ ಎಕೋ ಬೇರೆ ಸದ್ದಲ್ಲ, ಅಜ್ಜಿಯ ದನಿಯೇ. ಗೋಡೆಗೆ, ಟೈಲ್ಸಿಗೆ, ಸೂರಿಗೆ ಬಡಿದು ತಡವಾಗಿ ಬಂದ ಅದೇ ದನಿ. ಕಲಸಿದ ಹಿಟ್ಟಿನಿಂದ ನೀರು ತೆಗೆ ಅಂದರೆ ಹೇಗೆ ತೆಗೆಯುವುದು, ಅಲ್ವಾ?

ಅಂದ ಹಾಗೆ, ನಿಮ್ಮದು ನಿಜವಾಗಿ ಎಕೋ ಅಲ್ಲ, ರಿವರ್ಬ್. ನಮ್ಮ ಚಿತ್ರದುರ್ಗದ ಕೋಟೆಯಲ್ಲಿ ದೂರದ ಬಂಡೆಗೆ ಮುಖ ಮಾಡಿ ಕೂಗಿದರೆ ಕೂಗು ಬೇರೆಯಾಗಿ ವಾಪಸ್ ಬರುತ್ತದಲ್ಲ, ಅದು ಎಕೋ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಹಾಗಾಗಿ ಬಂಡೆ 17 ಮೀಟರಾದರೂ ದೂರ ಇದ್ದರೆ ಕೂಗು ಹೋಗಿ ಬರಲು ಸೆಕೆಂಡಿನ ಹತ್ತನೇ ಒಂದು ಭಾಗ ಹಿಡಿಯುತ್ತದೆ, ಕಿವಿಗೆ ಎರಡು ಸದ್ದಾಗಿ ಕೇಳುತ್ತದೆ. ಹಾಲ್‌ನ ಗೋಡೆ ಆರು ಅಡಿ ದೂರ ಇರಬಹುದು. ಅಲ್ಲಿಂದ ಹತ್ತು ಮಿಲಿಸೆಕೆಂಡಿಗೆಲ್ಲ ವಾಪಸ್, ಮತ್ತೆ ಎದುರು ಗೋಡೆಗೆ, ಮತ್ತೆ ವಾಪಸ್. ನೂರಾರು ಪ್ರತಿಗಳು ಒಂದರ ಮೇಲೊಂದು ಬಿದ್ದು ದನಿಗೆ ಬಾಲ ಬೆಳೆಯುತ್ತದೆ, ಅದೇ ರಿವರ್ಬ್. ಇದನ್ನು ಕಣ್ಣಲ್ಲೂ ನೋಡಬಹುದು. ಆಡಾಸಿಟಿಯಲ್ಲಿ ಟ್ರ್ಯಾಕಿನ ಹೆಸರಿನ ಬಳಿ ಇರುವ ಮೆನುವಿನಲ್ಲಿ, ಸದ್ದನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮ್ ಆರಿಸಿ, ಒಂದು ಪದ ಮುಗಿಯುವ ಜಾಗವನ್ನು ದೊಡ್ಡದು ಮಾಡಿ. ಗೆರೆ ಅಲ್ಲಿಗೆ ನಿಲ್ಲದೆ, ಒದ್ದೆ ಶಾಯಿ ಬೆರಳಲ್ಲಿ ಎಳೆದಂತೆ ಬಲಕ್ಕೆ ಹರಡಿರುತ್ತದೆ.

ಹಾಗಾದರೆ ಏನೂ ಮಾಡಲಾಗುವುದಿಲ್ಲವೇ? ಸ್ವಲ್ಪ ಆಗುತ್ತದೆ. ಮೊದಲು ಒರಿಜಿನಲ್ ಫೈಲನ್ನು ಬೇರೆ ಕಡೆ ಕಾಪಿ ಮಾಡಿಡಿ, ಅದನ್ನು ಮುಟ್ಟಬೇಡಿ. ಕಾಪಿಗೆ ಹೈ-ಪಾಸ್ ಫಿಲ್ಟರ್ ಹಾಕಿ, 100 ಹರ್ಟ್ಜ್‌ಗಿಂತ ಕೆಳಗಿನದು ಹೋಗಲಿ. ಆಮೇಲೆ ಬೇಕಾದ ಜಾಗದ ಸದ್ದನ್ನಷ್ಟೇ ಏರಿಸಿ ಇಳಿಸುವ ಫಿಲ್ಟರ್ ಕರ್ವ್ ಇಕ್ಯೂ ಎಫೆಕ್ಟ್‌ನಲ್ಲಿ 300ರಿಂದ 500 ಹರ್ಟ್ಜ್‌ವರೆಗೆ ಮೂರು ಡೆಸಿಬೆಲ್ ಇಳಿಸಿ. ಡಬ್ಬದೊಳಗಿನ ದನಿಯಂತೆ ಕೇಳುವುದು ಹೆಚ್ಚಾಗಿ ಆ ಜಾಗದಿಂದ. ಕೊನೆಗೆ ನಾಯ್ಸ್ ಗೇಟ್, ಅಂದರೆ ಒಂದು ಮಟ್ಟಕ್ಕಿಂತ (ಥ್ರೆಶೋಲ್ಡ್) ಸಣ್ಣ ಸದ್ದನ್ನು ಇನ್ನೂ ಇಳಿಸುವ ಎಫೆಕ್ಟ್. ಥ್ರೆಶೋಲ್ಡ್ -40 ಡೆಸಿಬೆಲ್‌ನಿಂದ ಶುರು ಮಾಡಿ ಕೇಳುತ್ತಾ ಹೊಂದಿಸಿ. ಎಷ್ಟು ಇಳಿಸಬೇಕೆಂದು ಹೇಳುವ ಲೆವೆಲ್ ರಿಡಕ್ಷನ್ -10 ಅಥವಾ -12 ಸಾಕು. ಅದನ್ನು ಪೂರ್ತಿ ಇಳಿಸಿದರೆ ಸಾಲು ಸಾಲಿನ ನಡುವೆ ಯಾರೋ ಬಾಗಿಲು ಹಾಕಿ ತೆಗೆದಂತೆ ಆಗುತ್ತದೆ. ಗೇಟ್ ಕತ್ತರಿಸುವುದು ಸಾಲು ಮುಗಿದ ಮೇಲಿನ ಬಾಲವನ್ನು ಮಾತ್ರ. ಹಾಡುತ್ತಿರುವಾಗ ಒಳಗೆ ಬೆರೆತಿದ್ದು ಹಾಗೇ ಇರುತ್ತದೆ. ಇದೆಲ್ಲ ಆದ ಮೇಲೆ ದನಿ ದೊಡ್ಡದಾಗಲಿ ಅಂತ ಕಂಪ್ರೆಸರ್ ಹಾಕಬೇಡಿ. ಅದು ಸಣ್ಣ ಸದ್ದನ್ನು ಮೇಲೆತ್ತುವುದರಿಂದ, ಕಷ್ಟಪಟ್ಟು ಇಳಿಸಿದ ಬಾಲ ಮತ್ತೆ ಎದ್ದು ಕೂರುತ್ತದೆ.

ದುಡ್ಡು ಕೊಡುವುದಾದರೆ ಅಡೋಬಿ ಆಡಿಷನ್ ಸಾಫ್ಟ್‌ವೇರ್‌ನಲ್ಲಿ ರಿವರ್ಬ್ ಇಳಿಸಲು ಡಿರಿವರ್ಬ್ ಅಂತಲೇ ಇದೆ, ಐಝೋಟೋಪ್ ಆರ್‌ಎಕ್ಸ್‌ನಲ್ಲೂ ಇದೆ. ಎರಡರಲ್ಲೂ ಅತಿಯಾಸೆ ಬೀಳಬಾರದು. ಒಂದು ಸಲ ನಿವೃತ್ತ ಮೇಷ್ಟ್ರೊಬ್ಬರ ಭಾಷಣ ನನ್ನ ಹತ್ತಿರ ಬಂತು. ಕಲ್ಯಾಣ ಮಂಟಪದ ಕೊನೆಯಲ್ಲಿಟ್ಟ ಕ್ಯಾಮೆರಾದ ಮೈಕ್‌ನಲ್ಲಿ ಹಿಡಿದದ್ದು. ನಾನು ಡಿರಿವರ್ಬ್ ಏರಿಸುತ್ತಾ ಏರಿಸುತ್ತಾ ಹೋದೆ. ರಾತ್ರಿ ಹನ್ನೊಂದಕ್ಕೆ ಭಾರಿ ಚೆನ್ನಾಗಿದೆ ಅನ್ನಿಸಿತು. ಬೆಳಿಗ್ಗೆ ಕೇಳಿದರೆ ಮೇಷ್ಟ್ರು ತೊಟ್ಟಿ ನೀರಲ್ಲಿ ಮುಳುಗಿ ಮಾತಾಡುತ್ತಿದ್ದರು. ಕಿವಿ ದಣಿದಾಗ ಹೀಗೇ ಮೋಸ ಹೋಗುತ್ತದೆ. ಈಗ ನಾನು ಅರ್ಧಕ್ಕಿಂತ ಕೆಳಗೇ ನಿಲ್ಲಿಸುತ್ತೇನೆ, ಒಂದಿಷ್ಟು ಎಕೋ ಉಳಿದರೂ ಪರವಾಗಿಲ್ಲ.

ಬ್ರೌಸರ್‌ನಲ್ಲೇ ಫೈಲ್ ಹಾಕುವ ಅಡೋಬಿ ಪಾಡ್‌ಕಾಸ್ಟ್‌ನ ಎನ್‌ಹಾನ್ಸ್ ಸ್ಪೀಚ್ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಮಾತಿಗೆ ಅದು ಪವಾಡ ಮಾಡಿದಂತೆ ಕೆಲಸ ಮಾಡುತ್ತದೆ, ನಿಜ. ಆದರೆ ಅದನ್ನು ಮಾಡಿದ್ದೇ ಮಾತಿಗಾಗಿ. ನಾನು ಹಾಡು ಹಾಕಿದಾಗ ಎಳೆದು ಹಾಡುವ ಕಡೆಯೆಲ್ಲ ಸ್ವರ ತುಂಡಾಗಿ, ದನಿ ಬೇರೆ ಯಾರದೋ ಅನ್ನಿಸಿತು. ಬೀಸುವ ಪದದಲ್ಲಿ ಎಳೆತವೇ ತಾನೆ ಮುಖ್ಯ.

ಅದಕ್ಕೇ ನನ್ನ ಸಲಹೆ: ಅಜ್ಜಿ ಗಟ್ಟಿಯಾಗಿದ್ದರೆ ಇನ್ನೊಂದು ಸಲ ಹಾಡಿಸಿ. ಈ ಸಲ ಹಾಲ್ ಬೇಡ, ಹಾಸಿಗೆ ಬಟ್ಟೆ ತುಂಬಿದ ಕೋಣೆ ನೋಡಿ. ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲೇ ಸಾಯಬೇಕು. 1895ರಲ್ಲಿ ಹಾರ್ವರ್ಡ್‌ನ ಸ್ಯಾಬಿನ್ ಎಂಬ ಮೇಷ್ಟ್ರಿಗೂ ಇದೇ ತಲೆನೋವು ಬಂದಿತ್ತು. ಹೊಸ ಸಭಾಂಗಣದಲ್ಲಿ ಮಾತೇ ತಿಳಿಯುತ್ತಿರಲಿಲ್ಲ. ಅವರು ಪಕ್ಕದ ಥಿಯೇಟರಿನ ಸೀಟಿನ ದಿಂಬುಗಳನ್ನು ರಾತ್ರಿ ಹೊತ್ತು ತಂದು ಜೋಡಿಸಿ, ಎಷ್ಟು ದಿಂಬಿಗೆ ಸದ್ದು ಎಷ್ಟು ಬೇಗ ಅಡಗುತ್ತದೆ ಅಂತ ಅಳೆದರು. ನನ್ನ ಹತ್ತಿರ ದಿಂಬಿನ ಬದಲು ಚಳ್ಳಕೆರೆಯ ಎರಡು ಕಂಬಳಿ ಇವೆ. ಹಾಡುವವರ ಹಿಂದೆ ಒಂದು, ಎದುರು ಒಂದು, ಬಟ್ಟೆ ಒಣಹಾಕುವ ಹಗ್ಗಕ್ಕೆ ಎರಡು ಮಡಿಕೆ ಮಾಡಿ ಹಾಕುತ್ತೇನೆ. ಗೋಡೆಗೆ ಅಂಟಿಸದೆ ಒಂದು ಗೇಣು ಬಿಟ್ಟು ತೂಗುಹಾಕಿದರೆ ಇನ್ನೂ ಚೆನ್ನಾಗಿ ಹೀರುತ್ತದೆ. ಮನೆಯಲ್ಲಿ ಕೌದಿ ಇದ್ದರೂ ಆಯಿತು.

ಇದಕ್ಕಿಂತ ದೊಡ್ಡದು ಮೊಬೈಲ್ ಇಡುವ ದೂರ. ನೀವು ಬಹುಶಃ ಒಂದು ಮಾರು ದೂರದಿಂದ ಹಿಡಿದಿದ್ದೀರಿ. ದೂರ ಅರ್ಧ ಆದಂತೆಲ್ಲ ನೇರ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಕೋಣೆಯ ಬಾಲ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಬಾಯಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಓರೆಯಾಗಿ ಇಡಿ. ನೇರ ಎದುರಿಗಿದ್ದರೆ ಉಸಿರು ಬಡಿಯುತ್ತದೆ. ಮೊಬೈಲ್ ನೋಡಿ ಅಜ್ಜಿ ನಾಚಿಕೊಂಡರೆ ಮೇಲೊಂದು ತೆಳು ಕರ್ಚೀಫ್ ಹಾಕಿ, ಸುಮ್ನೆ ಕಾಫಿ ಕುಡಿಯುತ್ತಾ ಮಾತಿಗೆ ಎಳೆಯಿರಿ. ಮೊದಲ ಎರಡು ಪದ ಹೇಗೂ ಗಂಟಲು ಸರಿಮಾಡಿಕೊಳ್ಳುವುದಕ್ಕೇ ಹೋಗುತ್ತವೆ.

ಹಳೆಯ ರೆಕಾರ್ಡಿಂಗ್ ಮಾತ್ರ ಅಳಿಸಬೇಡಿ. ಎರಡನೇ ಸಲ ಕೆಲವು ಸಾಲು ಅಜ್ಜಿಗೆ ನೆನಪಾಗದೆ ಇರಬಹುದು.