ಮಗು ಮಾತೇ ಆಡದಿದ್ದರೆ

ಆಸ್ಪತ್ರೆಯಲ್ಲಿ ಮಕ್ಕಳ ಮಾನಸಿಕ ಆರೋಗ್ಯದ ತರಬೇತಿಗೆ ಸೇರಿದ್ದೀರಿ, ಎಂಟು ವರ್ಷದ ಮಗು ಮೊದಲ ಭೇಟಿಯಲ್ಲಿ ಬಾಯಿಯೇ ಬಿಡಲಿಲ್ಲ, ಈ ಕೆಲಸ ನನಗೆ ಒಗ್ಗುತ್ತದೆಯೇ ಎಂದು ಕೇಳಿದ್ದೀರಿ. ದಯವಿಟ್ಟು ಅದೊಂದರಿಂದ ನಿಮ್ಮನ್ನು ಅಳೆದುಕೊಳ್ಳಬೇಡಿ. ಮುಂದಿನ ಸಲ ಎದುರು ಕೂರುವ ಬದಲು ಪಕ್ಕದಲ್ಲಿ, ನೆಲದ ಮೇಲೆ ಕೂತು ನೀವೂ ಚಿತ್ರ ಬಿಡಿಸಿ. ಮುಖ ನೋಡಲೇಬೇಕೆಂಬ ಒತ್ತಾಯ ಇಲ್ಲದಾಗ ಎಷ್ಟೋ ಮಕ್ಕಳು ಬಣ್ಣ ತುಂಬುತ್ತಲೇ ಮಾತು ಶುರು ಮಾಡುತ್ತವೆ. ಗುಟ್ಟು ಕಾಯುತ್ತೇನೆಂದು ಮಾತ್ರ ಭಾಷೆ ಕೊಡಬೇಡಿ. ಅಪಾಯದ ವಿಷಯವಾದರೆ ದೊಡ್ಡವರಿಗೆ ಹೇಳಲೇಬೇಕಾಗುತ್ತದೆ ಎಂದು ಮೊದಲೇ ತಿಳಿಸಿ. ಮಗುವಿನ ಭಾವನೆ, ನಡವಳಿಕೆಗಳ ಬಗ್ಗೆ ಕೇಳುವ 25 ಅಂಶಗಳ ಎಸ್‌ಡಿಕ್ಯೂ ನಮೂನೆಯನ್ನು ಪೋಷಕರಿಂದಲೂ ಶಿಕ್ಷಕರಿಂದಲೂ ತುಂಬಿಸಿ. ಮನೆಯಲ್ಲಿ ಹರಟುವ ಮಗು ಶಾಲೆಯಲ್ಲಿ ಮೌನವೇ? ಅದು ದೊಡ್ಡ ಸುಳಿವು. ಮೇಲ್ವಿಚಾರಕರಿಗೆ ಈ ಭೇಟಿಯನ್ನು ಇದ್ದದ್ದು ಇದ್ದಂತೆಯೇ ಹೇಳಿ. ಸೂಪರ್‌ವಿಷನ್ ಇರುವುದೇ ಅದಕ್ಕೆ.