ಗಿರೀಶ್ ಕಾಸರವಳ್ಳಿಯವರ ಜಾಸ್ತಿ ಚರ್ಚೆಯಾಗದ ಚಿತ್ರಗಳಲ್ಲಿ ಯಾವುದು ನಿಮಗೆ ಹೆಚ್ಚು ತಟ್ಟಿತು?

‘ಘಟಶ್ರಾದ್ಧ’, ‘ತಬರನ ಕಥೆ’ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅವುಗಳ ಆಚೆ ಒಂದನ್ನೇ ಹೆಸರಿಸಬೇಕೆಂದರೆ, ನನಗೆ ‘ಗುಲಾಬಿ ಟಾಕೀಸ್’ (2008). ನಾನು ಉಡುಪಿಯವಳು, ಕಡಲ ಪಕ್ಕ ಬೆಳೆದವಳು. ಅದೂ ಒಂದು ಕಾರಣ.

ವೈದೇಹಿಯವರ ಸಣ್ಣಕಥೆಯಿಂದ ಹುಟ್ಟಿದ ಚಿತ್ರ ಇದು. ಕುಂದಾಪುರ ಕಡೆಯ ಮೀನುಗಾರರ ಊರು, ಕಾರ್ಗಿಲ್ ಯುದ್ಧದ ಸಮಯ. ಸೂಲಗಿತ್ತಿ ಗುಲಾಬಿಗೆ ಸಿನಿಮಾ ಅಂದರೆ ಪ್ರಾಣ. ಹೆರಿಗೆ ಮಾಡಿಸಿದ್ದಕ್ಕೆ ಒಂದು ಮನೆಯವರು ಅವಳಿಗೆ ಟೀವಿ, ಡಿಶ್ ಕೊಡಿಸುತ್ತಾರೆ. ಊರ ಹೆಂಗಸರು ನೋಡಲು ಬರುತ್ತಾರೆ. ಆದರೆ ಗುಲಾಬಿಯದು ಮುಸ್ಲಿಂ ಮನೆ ಅಲ್ವಾ, ಕೆಲವರು ಒಳಗೆ ಕಾಲಿಡುವುದಿಲ್ಲ. ಹೊರಗೇ ನಿಂತು ಕಣ್ಣು ಮಾತ್ರ ಒಳಗೆ ಹಾಯಿಸುತ್ತಾರೆ. ನನ್ನ ಜೊತೆಗೆ ಕೂತು ಚಿತ್ರ ನೋಡುತ್ತಿದ್ದ ಅಮ್ಮ ಅಲ್ಲಿ ಸುಮ್ಮನಾದರು. ಆಮೇಲೆ, ‘ನಾವೂ ಹೀಗೇ ನಿಂತದ್ದುಂಟು ಮಗಾ’ ಅಂದರು. ನನಗೆ ಗಂಟಲು ಕಟ್ಟಿತು.

ಈ ಪಾತ್ರಕ್ಕೆ ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಟೀವಿ ಹಾಕಿದಾಗ ಅವರ ಮುಖದಲ್ಲಿ ಅರಳುವ ಆ ಮಗುವಿನಂಥ ಖುಷಿ ನೋಡಿ. ಕೊನೆಯಲ್ಲಿ ಅದೇ ಮುಖ ನೋಡುವುದು ಕಷ್ಟ.

‘ಕೂರ್ಮಾವತಾರ’ವೂ ಇಷ್ಟ. ನಿವೃತ್ತಿಯ ಹೊಸ್ತಿಲಲ್ಲಿರುವ ಗುಮಾಸ್ತರೊಬ್ಬರು ಟೀವಿ ಧಾರಾವಾಹಿಯಲ್ಲಿ ಗಾಂಧಿಯಾಗುವ ಕಥೆ. ಭೈರಪ್ಪನವರ ಕಾದಂಬರಿ ಆಧರಿಸಿದ ‘ನಾಯಿ ನೆರಳು’ ನಿಧಾನ. ರಾತ್ರಿ ಒಬ್ಬರೇ ಕೂತು ನೋಡಿ, ಆಗ ಹಿಡಿಯುತ್ತದೆ.